ಹಡ್ಸನ್ ಚರ್ಚಿನ ಕಣಶಿಲೆ

ಭೀಮಾತೀರದ ಮಣ್ಣೂರಿನ ಕಡೆಯವರಾದ ನಮಗೆ ಕಲ್ಲೆಂದರೆ ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ ಆರಿ ಗಟ್ಟಿಯಾದ ಶಿಲೆಯದು. ಬೂದುಬಣ್ಣದ ಕಣಶಿಲೆಯನ್ನು ನಾನು ಮೊದಲು ಹತ್ತಿರದಿಂದ ಕಂಡದ್ದು ಶ್ರವಣಬೆಳಗೊಳದಲ್ಲಿ. ವಿಂಧ್ಯಗಿರಿಯ ಗೊಮ್ಮಟನೂ ಚಂದ್ರಗಿರಿಯ ಚಾವುಂಡರಾಯ ಬಸದಿಯೂ ಆ ಕಲ್ಲಿನವೇ. ಇದು ಜಿನಾಲಯಗಳ ಕಲ್ಲು ಎಂಬ ಭಾವ ಅಂದೇ ನನ್ನಲ್ಲಿ ನೆಲೆಯೂರಿತು. ಅದು ಎಷ್ಟು ಅಪೂರ್ಣವಾದುದೆಂದು ತಿಳಿಸಿಕೊಟ್ಟದ್ದು ಬೆಂಗಳೂರಿನ ಒಂದು ಚರ್ಚು.

ಸಂಶೋಧನೆಯ ದಿನಗಳಲ್ಲಿ ಕಾರ್ಪೊರೇಷನ್ ನಿಲ್ದಾಣದಲ್ಲಿ ಬಸ್ಸಿಳಿದು, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯ ಗ್ರಂಥಾಲಯಕ್ಕೆ ನಡೆದು ಹೋಗುತ್ತಿದ್ದೆ. ದಾರಿಯಲ್ಲಿ ಸಿಗುವ ಹಡ್ಸನ್ ಸ್ಮಾರಕ ಚರ್ಚನ್ನು ವರ್ಷಗಟ್ಟಲೆ ಕಂಡೂ ಕಾಣದವನಂತೆ ದಾಟಿದ್ದೇನೆ. ಶಾಸನ, ಬಸದಿ, ನಿಷಿಧಿಗಲ್ಲುಗಳನ್ನು ಅರಸುವವನಿಗೆ ಅಲ್ಲೇನಿದೆ ಎಂಬ ಉದಾಸೀನವೇ ಅದಕ್ಕೆ ಕಾರಣ. ಒಂದು ಬೆಳಿಗ್ಗೆ ಗ್ರಂಥಾಲಯ ತೆರೆಯಲು ಇನ್ನೂ ಹೊತ್ತಿತ್ತು. ಅಂದು ಚರ್ಚಿನ ಆವರಣಕ್ಕೆ ಕಾಲಿಟ್ಟು, ಗೋಡೆಯ ಮೇಲೆ ಕೈಯಿಟ್ಟು ನೋಡಿದೆ. ಚಂದ್ರಗಿರಿಯಲ್ಲಿ ಮುಟ್ಟಿದ್ದ ಅದೇ ಒರಟುತನ, ಬೆಳಗಿನ ಅದೇ ತಂಪು!

ವೆಸ್ಲಿಯನ್ ಮಿಷನ್ನಿನವರು 1859ರಲ್ಲಿ ಕನ್ನಡ ಪ್ರಾರ್ಥನಾಮಂದಿರವೊಂದನ್ನು ಸ್ಥಾಪಿಸಿದ್ದರು. ಅದರ ಉತ್ತರಾಧಿಕಾರಿಯಾದ ಈಗಿನ ಕಟ್ಟಡ ಪ್ರತಿಷ್ಠಾಪಿತವಾದದ್ದು 1904ರ ಸೆಪ್ಟೆಂಬರಿನಲ್ಲಿ. ಬೆಂಗಳೂರು ಪೇಟೆಯಲ್ಲಿ ಕನ್ನಡ ಶಾಲೆಗಳನ್ನು ತೆರೆದ ಶಿಕ್ಷಣತಜ್ಞ ಜೋಸಯ್ಯ ಹಡ್ಸನ್ನರ ಹೆಸರು ಅದಕ್ಕೆ ಸಂದಿತು. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡ ಮೇಲೆ ಚರ್ಚು ಅದರ ಅಂಗವಾಯಿತು. ಇಂದಿಗೂ ಅಲ್ಲಿನ ಪ್ರಾರ್ಥನೆಯ ನುಡಿ ಕನ್ನಡವೇ.

ಕಲ್ಲು ಒಂದೇ ಆದರೂ ಅದರ ವ್ಯಾಕರಣ ಬೇರೆ. ನಮ್ಮ ಬಸದಿಗಳದು ಕಂಬ-ತೊಲೆಗಳ ಕ್ರಮ. ಕಣಶಿಲೆ ತನ್ನ ಮೇಲೆ ಬೀಳುವ ಭಾರವನ್ನು ಎಷ್ಟಾದರೂ ತಾಳುತ್ತದೆ. ಆದರೆ ಅಡ್ಡತೊಲೆಯಾಗಿ ಚಾಚಿದಾಗ ಅಡಿಭಾಗದಲ್ಲಿ ಉಂಟಾಗುವ ಎಳೆತವನ್ನು ಹೆಚ್ಚು ತಾಳಲಾರದು. ಆದ್ದರಿಂದಲೇ ಬಸದಿಯ ನವರಂಗದಲ್ಲಿ ಕಂಬಗಳು ಹತ್ತಿರ ಹತ್ತಿರ ನಿಲ್ಲುತ್ತವೆ, ಬೆಳಕು ಮಿತವಾಗುತ್ತದೆ, ಗರ್ಭಗೃಹದ ಕತ್ತಲಿನಲ್ಲಿ ಜಿನಬಿಂಬವೊಂದೇ ಮೂಡಿ ಕಾಣುತ್ತದೆ. ಗಾಥಿಕ್ ಕ್ರಮದ ಚೂಪು ಕಮಾನು ಎಳೆತವನ್ನೇ ತಪ್ಪಿಸಿ, ಮೇಲಿನ ಭಾರವನ್ನೆಲ್ಲ ಕಲ್ಲಿನಿಂದ ಕಲ್ಲಿಗೆ ಒತ್ತಡವಾಗಿ ನೆಲಕ್ಕಿಳಿಸುತ್ತದೆ. ಹಾಗಾಗಿ ಗೋಡೆಯಲ್ಲಿ ಎತ್ತರದ ಕಿಟಕಿಗಳಿಗೆ ಎಡೆ ದೊರೆತು, ಬಣ್ಣದ ಗಾಜಿನ ಮೂಲಕ ಬೆಳಕು ಒಳಗಿಳಿಯುತ್ತದೆ. 981ರ ಸುಮಾರಿನ 58 ಅಡಿಯ ಗೊಮ್ಮಟನನ್ನು ಶಿಲ್ಪಿಗಳು ಬಂಡೆಯಿಂದ ಕಲ್ಲನ್ನು ಕಳೆಯುತ್ತ ಪಡೆದರು. ಈ ಚರ್ಚನ್ನು ಕಲ್ಲಿಗೆ ಕಲ್ಲು ಕೂಡಿಸುತ್ತ ಕಟ್ಟಿದರು. ಒಂದು ತ್ಯಾಗದ ರೂಪಕವೆನಿಸಿದರೆ ಇನ್ನೊಂದು ಸಮುದಾಯದ ರೂಪಕವೆನಿಸಿತು. ಶೈಲಿ ಇಂಗ್ಲೆಂಡಿನದಾದರೂ ಕಲ್ಲು ಈ ನೆಲದ್ದು. ಲಾಲ್‌ಬಾಗಿನ ಬಂಡೆಗೆ ಭೂವಿಜ್ಞಾನಿಗಳು ಹೇಳುವ ವಯಸ್ಸು ಸುಮಾರು 300 ಕೋಟಿ ವರ್ಷ. ಅದರ ಮುಂದೆ ನಮ್ಮ ಮತಧರ್ಮಗಳೆಲ್ಲವೂ ನಿನ್ನೆ ಮೊನ್ನೆಯವು.

ಆ ದಿನ ನನ್ನನ್ನು ಹೆಚ್ಚು ಕಾಡಿದ್ದು ಋಣದ ಪ್ರಶ್ನೆ. ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷುಗಳಲ್ಲಿ ಒಟ್ಟಾಗಿ 1849ರಲ್ಲಿ ಅಚ್ಚು ಮಾಡಿದ್ದು ಬೆಂಗಳೂರಿನ ಇದೇ ವೆಸ್ಲಿಯನ್ ಮಿಷನ್ನಿನ ಮುದ್ರಣಾಲಯ. ಇಲ್ಲಿಂದ ಹೆಚ್ಚು ದೂರವಿಲ್ಲದ ಅವೆನ್ಯೂ ರಸ್ತೆಯಲ್ಲಿ, ಲಂಡನ್ ಮಿಷನ್ನಿನ ಬೆಂಜಮಿನ್ ರೈಸರ ಹೆಸರಿನ ಇನ್ನೊಂದು ಚರ್ಚಿದೆ. ಅವರ ಮಗನೇ ಬಿ. ಎಲ್. ರೈಸ್. 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದವರೂ, 1898ರಲ್ಲಿ ಪಂಪಭಾರತವನ್ನು ಅಚ್ಚಿಗೆ ತಂದವರೂ ಅವರೇ. ಅದೇ ವರ್ಷ ಅವರ ಗ್ರಂಥಮಾಲೆಯಲ್ಲಿ ಕೆ. ಬಿ. ಪಾಠಕರು ಸಂಪಾದಿಸಿದ ಕವಿರಾಜಮಾರ್ಗವೂ ಬೆಳಕು ಕಂಡಿತು. ಬಸದಿಗಳ ತಾಡವೋಲೆಗಳು ನಮ್ಮ ಪೂರ್ವಿಕರ ಭಕ್ತಿಯಿಂದ ಉಳಿದವು, ನಿಜ. ಆದರೆ ಅವನ್ನು ತರಗತಿಯ ಮೇಜಿಗೆ ತಲುಪಿಸಿದ ಕೈಗಳಲ್ಲಿ ಮಿಷನರಿಯ ಮಗನೊಬ್ಬನ ಕೈಯೂ ಇತ್ತು. ಮಿಷನರಿಗಳ ಮೊದಲ ಉದ್ದೇಶ ಮತಪ್ರಸಾರವೇ ಆಗಿತ್ತೆಂಬುದನ್ನು ಮರೆಯಬೇಕಿಲ್ಲ; ಅದರಿಂದ ಋಣವೇನೂ ತೀರುವುದಿಲ್ಲ.

ಚರ್ಚಿನ ಎದುರಿನ ವೃತ್ತದ ಬಳಿ 1791ರ ಮುತ್ತಿಗೆಯಲ್ಲಿ ಮಡಿದ ಆಂಗ್ಲ ಸೇನೆಯವರ ನೆನಪಿನ ಸ್ತಂಭವೊಂದಿತ್ತು. ರಸ್ತೆಯ ಹೆಸರೂ ಸೆನೊಟಾಫ್ ರಸ್ತೆಯೆಂದೇ ಆಗಿತ್ತು. 1964ರಲ್ಲಿ ಆ ಸ್ತಂಭವನ್ನು ತೆರವುಗೊಳಿಸಿದರು. ಮುಂದೆ ರಸ್ತೆ ನೃಪತುಂಗನದಾಯಿತು. ಗೆದ್ದವರ ಕಲ್ಲು ಹೋಯಿತು, ಪ್ರಾರ್ಥಿಸುವವರ ಕಲ್ಲು ಉಳಿಯಿತು. ನಮ್ಮ ಕಲಬುರಗಿ ಸೀಮೆಯ ಮಳಖೇಡದಿಂದ ಆಳಿದ ಅರಸನ ಹೆಸರು ಇಂದು ಈ ಚರ್ಚಿನ ಅಂಗಳದ ಬಳಿಯಿಂದಲೇ ಆರಂಭವಾಗುತ್ತದೆ. ಪರಧರ್ಮವನ್ನು ಸೈರಿಸುವ ಗುಣವನ್ನೇ ನಿಜವಾದ ಚಿನ್ನವೆಂದು ಬಗೆದ ಕೃತಿ ಕವಿರಾಜಮಾರ್ಗ. ಅದನ್ನು ಎಷ್ಟೋ ಬಾರಿ ಓದಿದ್ದ ನಾನು, ಅದರ ಅರ್ಥ ನಿಂತಿದ್ದ ಸ್ಥಳವನ್ನು ಅಷ್ಟೇ ಬಾರಿ ದಾಟಿ ಹೋಗಿದ್ದೆ.

ಈಗ ಬೆಂಗಳೂರಿಗೆ ಹೋದಾಗಲೆಲ್ಲ ಗ್ರಂಥಾಲಯಕ್ಕೆ ಮುನ್ನ ಆ ಆವರಣದಲ್ಲಿ ಕೊಂಚ ಹೊತ್ತು ನಿಲ್ಲುತ್ತೇನೆ. ಹಳಗನ್ನಡವನ್ನು ಓದುವ ವಿದ್ಯಾರ್ಥಿಗಳೂ ಹಾಗೆ ಮಾಡಲಿ ಎಂಬುದು ನನ್ನ ಆಸೆ. ತನ್ನ ಮತದ ಕಲ್ಲುಗಳನ್ನಷ್ಟೇ ಓದಬಲ್ಲವನು ಕನ್ನಡದ ಚರಿತ್ರೆಯಲ್ಲಿ ಅರ್ಧವನ್ನು ಮಾತ್ರ ಓದಿರುತ್ತಾನೆ.