ಗುಳಿಗೆಯ ಎಣ್ಣೆ, ದೋಸೆಯ ಬೆಣ್ಣೆ

ಭೂದಾನಕ್ಕಾಗಿ ೧೯೫೧ರಿಂದ ವರ್ಷಗಟ್ಟಲೆ ಊರೂರು ನಡೆದ ವಿನೋಬಾ ಭಾವೆಯವರ ಹೆಸರನ್ನು ಹೊತ್ತ ಬಡಾವಣೆಯಲ್ಲಿ ನಡಿಗೆಯೇ ಅಪರೂಪವಾಗಿರುವುದು ವಿಧಿಯ ವಿನೋದವೆನ್ನಬೇಕು. ದಾವಣಗೆರೆಯ ವಿನೋಬನಗರದ ಗೃಹಸ್ಥನಿಗೆ ಮೂಲೆಯ ಅಂಗಡಿಯಿಂದ ಕೊತ್ತಂಬರಿ ತರಲಿಕ್ಕೂ ವಾಹನ ಬೇಕು. ಐವತ್ತು ದಾಟುವ ವೇಳೆಗೆ ಸೊಂಟದ ಪಟ್ಟಿಯ ರಂಧ್ರಗಳು ಒಂದೊಂದಾಗಿ ಮುಗಿಯುತ್ತವೆ. ಮೊಣಕಾಲು ಮೆಟ್ಟಿಲನ್ನು ಕಂಡರೆ ಅಂಜುತ್ತದೆ. ರಕ್ತದ ಸಕ್ಕರೆ ಮೇಲೇರುತ್ತದೆ. ಆಗ ಮನೆಗೆ ಹೊಂಬಣ್ಣದ ಪಾರದರ್ಶಕ ಗುಳಿಗೆಗಳ ಡಬ್ಬಿಯೊಂದು ಬರುತ್ತದೆ. ಅಮೆರಿಕದಲ್ಲಿರುವ ಮಗ ಕಳುಹಿಸಿದ್ದೋ, ನೆರೆಮನೆಯವರು ಹೇಳಿದ್ದೋ, ಅಂತೂ ಒಳಗಿರುವುದು ಮೀನಿನೆಣ್ಣೆ. ಹೊರಗಿನ ಸಿಪ್ಪೆಯೂ ಬಹುಮಟ್ಟಿಗೆ ಪ್ರಾಣಿಜನ್ಯವಾದ ಜೆಲಟಿನ್ನೇ.

ತಲೆತಲಾಂತರದಿಂದ ಮೀನು ಹೊಕ್ಕಿಲ್ಲದ ಅಡಿಗೆಮನೆಯಲ್ಲಿ ಅದನ್ನಿಡುವುದೆಲ್ಲಿ? ದೇವರ ಕೋಣೆಯಿಂದ ದೂರ, ಕಪಾಟಿನ ಮೇಲ್ತುದಿಯಲ್ಲಿ. ಗೃಹಿಣಿ ಅದನ್ನು ಮುಟ್ಟುವುದಿಲ್ಲ. ಔಷಧಕ್ಕೆ ದೋಷವಿಲ್ಲವೆಂದು ಗೃಹಸ್ಥನು ಸಮಾಧಾನ ಹೇಳಿಕೊಂಡು ಕಣ್ಣು ಮುಚ್ಚಿ ನುಂಗುತ್ತಾನೆ. ದೋಷವಿಲ್ಲವೆಂಬುದನ್ನು ಒಪ್ಪಬಹುದು, ಆದರೆ ಬಾಳಿನುದ್ದಕ್ಕೂ ನಡೆಸಿಕೊಂಡು ಬಂದ ನೇಮವನ್ನು ತೆತ್ತು ಕೊಂಡ ವಸ್ತುವಿನಲ್ಲಿ ಗುಣವೆಷ್ಟು ಎಂದು ಕೇಳುವುದು ಅಧಿಕಪ್ರಸಂಗವಾಗಲಾರದು.

ಉರಿಯೂತವೆಂಬ ಶಬ್ದದಲ್ಲಿ ಉರಿಯೂ ಇದೆ, ಊತವೂ ಇದೆ. ಸ್ಥೂಲಕಾಯದ ಉರಿಯೂತದಲ್ಲಿ ಇವೆರಡೂ ಕಣ್ಣಿಗೆ ಬೀಳುವುದಿಲ್ಲ. ಅದು ಬೂದಿ ಮುಚ್ಚಿದ ಕೆಂಡ. ಹೊಟ್ಟೆಯ ಕೊಬ್ಬು ಸುಮ್ಮನೆ ಕುಳಿತ ಗಂಟೆಂದು ಬಹುಕಾಲ ತಿಳಿಯಲಾಗಿತ್ತು. ಸ್ಥೂಲ ಇಲಿಗಳ ಕೊಬ್ಬಿನಿಂದ ಟಿ.ಎನ್.ಎಫ್. ಎಂಬ ಉರಿಯೂತದ ದ್ರವ್ಯ ಹೊಮ್ಮುತ್ತದೆಂದೂ, ಅದು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆಂದೂ ಹೋತಮಿಸ್ಲಿಗಿಲ್, ಸ್ಪೀಗಲ್‌ಮನ್ ಮೊದಲಾದವರು ೧೯೯೩ರಲ್ಲಿ ತೋರಿಸಿದರು. ಹಿಗ್ಗಿದ ಕೊಬ್ಬಿನೊಳಗೆ ದೇಹದ ರಕ್ಷಕ ಕಣಗಳು ದಂಡುಗಟ್ಟಿ ಬೀಡುಬಿಡುವುದು ೨೦೦೩ರಲ್ಲಿ ತಿಳಿದುಬಂತು. ಹೊರಗಿನ ಶತ್ರುವಿಲ್ಲದೆ ಮನೆಯೊಳಗೇ ನಡೆಯುವ ಈ ಯುದ್ಧದ ಸುದ್ದಿ ಯಕೃತ್ತಿಗೆ ಮುಟ್ಟಿ, ಅದು ಸಿ.ಆರ್.ಪಿ. ಎಂಬ ಪ್ರೋಟೀನನ್ನು ರಕ್ತಕ್ಕೆ ಹೆಚ್ಚಾಗಿ ಬಿಡುತ್ತದೆ.

ಮೀನಿನೆಣ್ಣೆಯ ಕೀರ್ತಿ ಗ್ರೀನ್‌ಲೆಂಡಿನಿಂದ ಹೊರಟಿತು. ಅಲ್ಲಿಯ ಮೂಲನಿವಾಸಿಗಳ ಕಡಲಿನ ಆಹಾರವನ್ನೂ ರಕ್ತವನ್ನೂ ೧೯೭೦ರ ದಶಕದಲ್ಲಿ ಬಾಂಗ್ ಮತ್ತು ಡೈಯರ್‌ಬರ್ಗ್ ಎಂಬ ಡೇನಿಷ್ ವಿಜ್ಞಾನಿಗಳು ಪರೀಕ್ಷಿಸಿದ ಮೇಲೆ ಒಮೇಗಾ-೩ ಎಂಬ ಮಾತು ಲೋಕಪ್ರಸಿದ್ಧವಾಯಿತು. ಅದರಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಇ.ಪಿ.ಎ., ಡಿ.ಎಚ್.ಎ. ಎಂಬ ಈ ಕೊಬ್ಬಿನಾಮ್ಲಗಳಿಂದ ಉರಿಯೂತವನ್ನು ಶಮನಗೊಳಿಸುವ ದ್ರವ್ಯಗಳನ್ನು ದೇಹ ತಯಾರಿಸಿಕೊಳ್ಳುತ್ತದೆ. ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ರಕ್ತದ ಟ್ರೈಗ್ಲಿಸರೈಡು ನಿಶ್ಚಯವಾಗಿ ಇಳಿಯುತ್ತದೆ. ವೈದ್ಯರು ಅದಕ್ಕಾಗಿಯೇ ಬರೆದುಕೊಡುವುದುಂಟು. ಆದರೆ ಸ್ಥೂಲಕಾಯರ ಉರಿಯೂತದ ಮಟ್ಟಿಗೆ ಪ್ರಯೋಗಗಳ ಫಲ ಏಕರೂಪವಾಗಿಲ್ಲ, ಇಳಿದಲ್ಲಿಯೂ ಅಲ್ಪ. ಅಮೆರಿಕದಲ್ಲಿ ೨೫,೮೭೧ ಮಂದಿಯ ಮೇಲೆ ನಡೆದು ೨೦೧೮ರಲ್ಲಿ ಪ್ರಕಟವಾದ 'ವೈಟಲ್' ಪ್ರಯೋಗದಲ್ಲಿ ದಿನಕ್ಕೊಂದು ಗ್ರಾಂ ಮೀನಿನೆಣ್ಣೆ ಒಟ್ಟಾರೆ ಹೃದಯಾಘಾತ, ಪಾರ್ಶ್ವವಾಯುಗಳ ಲೆಕ್ಕವನ್ನು ಗಮನಾರ್ಹವಾಗಿ ತಗ್ಗಿಸಲಿಲ್ಲ. ದಿನಕ್ಕೆ ೪ ಗ್ರಾಂ ಕೊಟ್ಟ ಎರಡು ಪ್ರಯೋಗಗಳಲ್ಲಿ ಒಂದು ಲಾಭ ಕಂಡಿತು, ಇನ್ನೊಂದು ಕಾಣಲಿಲ್ಲ. ಎದೆಬಡಿತದ ತಾಳ ತಪ್ಪುವ ತೊಂದರೆ ಮಾತ್ರ ಎರಡರಲ್ಲೂ ಹೆಚ್ಚಿತು. ದೊಡ್ಡ ಪ್ರಮಾಣವನ್ನು ಸ್ವಂತ ಧೈರ್ಯದಿಂದ ನುಂಗತಕ್ಕದ್ದಲ್ಲವೆಂಬುದು ಇದರಿಂದ ಸ್ಪಷ್ಟ.

ಇನ್ನು ಡಬ್ಬಿಯ ಅಂಕಿಯನ್ನು ನೋಡಬೇಕು. ಮೇಲೆ ದಪ್ಪಕ್ಷರದಲ್ಲಿ ೧೦೦೦ ಮಿಲಿಗ್ರಾಂ ಎಂದಿರುತ್ತದೆ. ಹಿಂಬದಿಯ ಇರುವೆಯಕ್ಷರವನ್ನು ಓದಿದರೆ, ಸಾಧಾರಣ ಗುಳಿಗೆಯಲ್ಲಿ ಬೇಕಾದ ಎರಡು ಆಮ್ಲಗಳೂ ಸೇರಿ ೩೦೦ ಮಿಲಿಗ್ರಾಂ. ಆ ಗುಳಿಗೆಯನ್ನು ನುಂಗಿದ ಧೈರ್ಯದಲ್ಲಿ ಗೃಹಸ್ಥನು ಬೆಣ್ಣೆದೋಸೆಗೆ ಹೊರಡುತ್ತಾನೆ. ದಾವಣಗೆರೆಯಲ್ಲಿದ್ದುಕೊಂಡು ದೋಸೆಯನ್ನು ದೂಷಿಸುವ ಸಾಹಸ ಯಾರಿಗೂ ಬೇಡ. ಲೆಕ್ಕ ಮಾತ್ರ ಹೀಗಿದೆ: ಕೈ ಬಿಗಿಹಿಡಿದು ದೋಸೆಯೊಂದಕ್ಕೆ ೨೦ ಗ್ರಾಂ ಬೆಣ್ಣೆಯೆಂದರೂ ಅದರಲ್ಲಿ ಕೊಬ್ಬು ಸುಮಾರು ೧೬ ಗ್ರಾಂ, ಎಂದರೆ ಗುಳಿಗೆಯ ಸಾರದ ಐವತ್ತು ಪಟ್ಟು. ಒಂದೇ ದೋಸೆಗೆ ಎದ್ದು ಬಂದವರು ಯಾರು? ತಟ್ಟೆ ಹಾಗೆಯೇ ಉಳಿದು, ಅದರ ಮೇಲೊಂದು ಎಣ್ಣೆ ಸೇರಿದರೆ ಕೆಂಡಕ್ಕೆ ಸೌದೆ ನಿಲ್ಲುವುದಿಲ್ಲ. ತೂಕ ಇಳಿದಾಗ ಸಿ.ಆರ್.ಪಿ. ಇಳಿಯುವುದು ಗುಳಿಗೆಯ ಫಲಕ್ಕಿಂತ ಎಷ್ಟೋ ನಂಬತಕ್ಕ ಸಂಗತಿ.

ಗೃಹಿಣಿಯ ಪಕ್ಷವನ್ನೂ ಹೇಳಬೇಕು. ಜೋಳದ ರೊಟ್ಟಿಯೊಡನೆ ಆಕೆ ಬಡಿಸುವ ಅಗಸೆಯ ಚಟ್ನಿಪುಡಿಯಲ್ಲಿ ಒಮೇಗಾ-೩ರ ಸಸ್ಯರೂಪ ಧಾರಾಳವಾಗಿದೆ. ಅಗಸೆಯೆಣ್ಣೆಯಲ್ಲಿ ಅರ್ಧದಷ್ಟು ಅದೇ. ಆದರೆ ಅದನ್ನು ಇ.ಪಿ.ಎ. ಆಗಿ ಮಾರ್ಪಡಿಸುವುದರಲ್ಲಿ ಮನುಷ್ಯದೇಹ ಬಲು ಸೋಮಾರಿ: ನೂರರಲ್ಲಿ ಕೆಲವೇ ಪಾಲು, ಡಿ.ಎಚ್.ಎ. ಇನ್ನೂ ಕಡಮೆ. ಇಡಿಯ ಬೀಜ ಬಂದ ಹಾಗೆಯೇ ಹೊರಗೆ ಹೋಗುವುದರಿಂದ ಕುಟ್ಟಲೇಬೇಕು. ಕುಟ್ಟಿಟ್ಟರೆ ಬೇಗ ಕಮಟುತ್ತದೆ, ಆದ್ದರಿಂದ ಸ್ವಲ್ಪ ಸ್ವಲ್ಪವೇ ಕುಟ್ಟಬೇಕು. ಇದನ್ನು ಆಕೆಯ ಅತ್ತೆ ಬಲ್ಲವಳಾಗಿದ್ದಳು. ನೇಮವನ್ನು ಬಿಡಲಾಗದವರಿಗೆ ಪಾಚಿಯಿಂದ ತೆಗೆದ ಎಣ್ಣೆಯೂ ಇದೆ. ಮೀನಿಗೂ ಆ ಸಾರ ಮೂಲತಃ ಪಾಚಿಯಿಂದಲೇ ದೊರೆಯುವಂಥದು.

ಕೆಂಡದ ಸುಳಿವು ತಿಳಿಯಲು ಮೊದಲಿಗೆ ಟೇಪೊಂದು ಸಾಕು. ಭಾರತೀಯರಿಗೆ ವೈದ್ಯರು ಹಾಕಿಕೊಟ್ಟ ಗೆರೆ ಗಂಡಸರ ಸೊಂಟಕ್ಕೆ ೯೦ ಸೆಂಟಿಮೀಟರ್, ಹೆಂಗಸರಿಗೆ ೮೦. ಬಡಾವಣೆಯ ದರ್ಜಿಗಳು ಈ ಅಂಕಿಗಳನ್ನು ಡಾಕ್ಟರಿಗಿಂತ ಮುಂಚೆಯೇ ಕಾಣುತ್ತಾರೆ. ಗಿರಾಕಿಯ ಮನಸ್ಸು ನೋಯದಿರಲೆಂದು ಏನೂ ಹೇಳದೆ ಒಂದಂಗುಲ ಬಟ್ಟೆಯನ್ನು ಒಳಗೆ ಮಡಿಸಿ ಹೊಲಿದುಕೊಡುತ್ತಾರೆ.