ಮೊಮ್ಮಗನ ಚಿತ್ರದ ಕಾರ್ಡು

ಕಲಘಟಗಿ ತಾಲೂಕು ಧಾರವಾಡ ಜಿಲ್ಲೆಗೆ ಸೇರಿದ್ದರೂ ಗುಣದಲ್ಲಿ ಅದು ಅರ್ಧ ಮಲೆನಾಡು. ನವಲಗುಂದದ ಕಡೆಯ ನಮ್ಮ ಬೀಗರು ಮುಗಿಲನ್ನು ನೋಡುತ್ತ ಕುಳಿತಿರುವ ದಿನಗಳಲ್ಲಿ ದೇವಿಕೊಪ್ಪದ ನಾವು ಹಂಚಿನ ಸಂದಿಯಿಂದ ಸೋರುವ ನೀರಿಗೆ ಬೋಗುಣಿಗಳನ್ನು ಹೊಂದಿಸುತ್ತಿರುತ್ತೇವೆ. 2024ರ ಜುಲೈ ತಿಂಗಳಲ್ಲಿ ಅಮೇರಿಕೆಯಿಂದ ಮಗ, ಸೊಸೆ ಮತ್ತು ಹನ್ನೊಂದು ವರ್ಷದ ಮೊಮ್ಮಗ ಬಂದಿಳಿದದ್ದು ಇಂಥದೇ ಒಂದು ಮಳೆಯಲ್ಲಿ. ಮಗ ನಾಲ್ಕು ದಿನವಿದ್ದು ಕಚೇರಿಯ ಕೆಲಸಕ್ಕೆಂದು ಬೆಂಗಳೂರಿಗೆ ಹೋದ. ಸೊಸೆ, ಮೊಮ್ಮಗ ನಮ್ಮೊಡನೆ ಉಳಿದರು.

ಹುಡುಗನ ಚೀಲದಲ್ಲಿ ಬಟ್ಟೆಗಿಂತ ಮೊದಲು ಹೊರಬಂದದ್ದು ಒಂದು ದಪ್ಪನೆಯ ಆಲ್ಬಂ. ಪ್ರತಿ ಪುಟದಲ್ಲಿ ಒಂಬತ್ತು ಪ್ಲಾಸ್ಟಿಕ್ ಕಿಸೆಗಳು, ಪ್ರತಿ ಕಿಸೆಯಲ್ಲಿ ಒಂದು ಬಣ್ಣದ ಕಾರ್ಡು. ಜಪಾನಿನಲ್ಲಿ 1996ರಲ್ಲಿ ಹುಟ್ಟಿ, 1999ರಲ್ಲಿ ಇಂಗ್ಲಿಷಿಗೆ ಬಂದ ಪೋಕೆಮಾನ್ ಎಂಬ ಆಟದ ಕಾರ್ಡುಗಳವು. ನಾವು ಬಾಲ್ಯದಲ್ಲಿ ಬೆಂಕಿಪೆಟ್ಟಿಗೆಯ ಚಿತ್ರಗಳನ್ನು ಕೂಡಿಹಾಕುತ್ತಿದ್ದೆವಷ್ಟೆ. ಆದ್ದರಿಂದ ನನಗೆ ಹುಡುಗನ ಹುಚ್ಚು ವಿಚಿತ್ರವೆನಿಸಲಿಲ್ಲ. ವಿಚಿತ್ರವೆನಿಸಿದ್ದು ಆಲ್ಬಮ್ಮಿನ ಹೊರಗೆ ಪ್ರತ್ಯೇಕವಾಗಿದ್ದ ಒಂದು ಕಾರ್ಡು. ಅಂಗೈಯಗಲದ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ಕಿನ ನಡುವೆ ಅದು ಬಂಧಿಯಾಗಿತ್ತು. ಮೇಲ್ಭಾಗದಲ್ಲಿ ಅಂಕೆಗಳನ್ನು ಮುದ್ರಿಸಿದ ಚೀಟಿ. ಮುಚ್ಚಳವಿಲ್ಲ, ತಿರುಪಿಲ್ಲ, ಕೊಂಡಿಯಿಲ್ಲ.

ಸೊಸೆ ವಿವರಿಸಿದಳು. ಆ ದೇಶದಲ್ಲಿ ಇಂಥ ಕಾರ್ಡುಗಳನ್ನು ಪರೀಕ್ಷಿಸಿ 1ರಿಂದ 10ರವರೆಗೆ ಅಂಕ ಕೊಡುವ ಸಂಸ್ಥೆಗಳಿವೆಯಂತೆ. ಪಿ.ಎಸ್.ಎ. ಎಂಬುದು 1991ರಲ್ಲಿ ಪ್ರಾರಂಭವಾಯಿತು. ಮೂಲೆ, ಅಂಚು, ಮೇಲ್ಮೈ, ಚಿತ್ರದ ಮಧ್ಯಸ್ಥಿತಿ ಇವುಗಳನ್ನು ನೋಡಿ ಅಂಕವಿತ್ತು, ಎರಡು ಪ್ಲಾಸ್ಟಿಕ್ ಹೋಳುಗಳ ನಡುವೆ ಕಾರ್ಡನ್ನಿಟ್ಟು, ಕಿವಿಗೆ ಕೇಳದ ಶಬ್ದಕಂಪನದಿಂದ ಅಂಚುಗಳನ್ನು ಕರಗಿಸಿ ಬೆಸೆದುಬಿಡುತ್ತಾರೆ. ಒಡೆಯದೆ ಅದು ತೆರೆಯದು. ಒಡೆದರೆ ಅಂಕ ಅಲ್ಲಿಗೆ ಮುಗಿಯಿತು. ನೆರೆಮನೆಯ ದೊಡ್ಡ ಹುಡುಗನೊಬ್ಬ ಕಾಲೇಜಿಗೆ ಹೋಗುವಾಗ ಈ ಕಾರ್ಡನ್ನು ನಮ್ಮವನಿಗೆ ಕೊಟ್ಟಿದ್ದ. ಬೆಲೆ ಬಂದೀತೆಂಬ ಆಸೆಯಿಂದ ನನ್ನ ಮಗ ಅದನ್ನು ಪರೀಕ್ಷೆಗೆ ಕಳಿಸಿದ. ಬಂದದ್ದು 5 ಅಂಕ. ಕೊಟ್ಟ ಶುಲ್ಕವೇ ಕಾರ್ಡಿನ ಬೆಲೆಗಿಂತ ಹೆಚ್ಚಾಯಿತು.

ಈ ಅಂಕಗಳ ಪ್ರಪಂಚದಲ್ಲಿ ನಡೆದ ಒಂದು ಸಂಗತಿಯನ್ನು ಮಗ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ಬರೆಯದಿರಲಾರೆ. ಹೋನಸ್ ವ್ಯಾಗ್ನರ್ ಎಂಬ ಬೇಸ್‌ಬಾಲ್ ಆಟಗಾರನ ಚಿತ್ರವಿದ್ದ, 1909ರಿಂದ 1911ರ ಅವಧಿಯಲ್ಲಿ ಸಿಗರೇಟು ಪಾಕೀಟಿನೊಳಗೆ ಬರುತ್ತಿದ್ದ ಕಾರ್ಡೊಂದು 1991ರಲ್ಲಿ 4,51,000 ಡಾಲರಿಗೆ ಮಾರಾಟವಾಯಿತು. ಪಿ.ಎಸ್.ಎ. ಮೊಟ್ಟಮೊದಲು ಅಂಕವಿತ್ತದ್ದು ಅದಕ್ಕೇ, 10ಕ್ಕೆ 8. ಅದರ ಅಂಚುಗಳನ್ನು ತಾನು ಕತ್ತರಿಸಿ ಚೊಕ್ಕಗೊಳಿಸಿದ್ದಾಗಿ ಹಿಂದೆ ಅದನ್ನು ಮಾರಿದ್ದ ಹರಾಜುದಾರನು 2013ರಲ್ಲಿ ನ್ಯಾಯಾಲಯದೆದುರು ಒಪ್ಪಿಕೊಂಡ. ಅಷ್ಟು ವರ್ಷ ಆ ಸುಳ್ಳೂ ಪ್ಲಾಸ್ಟಿಕ್ಕಿನೊಳಗೆ ಭದ್ರವಾಗಿತ್ತು.

ಹುಡುಗನಿಗೆ ಇದಾವುದೂ ಬೇಡ. ಆಲ್ಬಂ ತೆರೆದು ನಡುವಿನ ಒಂದು ಬರಿದಾದ ಕಿಸೆಯನ್ನು ತೋರಿಸಿದ. “ಅಜ್ಜಾ, ಇದರ ಜಾಗಾ ಖಾಲಿ ಐತಿ. ನೀ ತಗದ ಕೊಡ್ತಿಯೇನು?” ತಂದೆಯನ್ನು ಕೇಳು ಎಂದೆ. ಮಗ ಫೋನಿನಲ್ಲಿ ನಕ್ಕು, “ಅಪ್ಪಾ, ನಿಮ್ಮ ಕೈಲಿಂದ ಆದ್ರ ತಗೀರಿ. ಹರಿದ್ರೂ ನಾ ಏನೂ ಅನ್ನೂದಿಲ್ಲ” ಎಂದ.

‘ಹರಿದರೂ’ ಎಂಬ ಆ ಮಾತು ನನ್ನನ್ನು ಎರಡು ದಿನ ಸುಮ್ಮನಿರಿಸಿತು. ಕಾರಣವನ್ನು ಬರೆಯುವುದು ನನಗೆ ಸುಲಭವಲ್ಲ.

ನಮ್ಮ ಅವ್ವನದು ಒಂದೇ ಒಂದು ಭಾವಚಿತ್ರವಿತ್ತು. 1961ರಲ್ಲಿ ಹುಬ್ಬಳ್ಳಿಯ ಸ್ಟುಡಿಯೋದಲ್ಲಿ ತೆಗೆಸಿದ್ದು. ಕಟ್ಟು ಹಾಕಿದವನು ಚಿತ್ರವನ್ನು ಗಾಜಿಗೆ ಒತ್ತಿಯೇ ಕೂಡ್ರಿಸಿದ್ದ. 1992ರ ಮಳೆಗಾಲದಲ್ಲಿ ಗೋಡೆ ಒದ್ದೆಯಾಗಿ ಕಟ್ಟಿನ ಹಿಂದಿನ ರಟ್ಟು ಬೂಸು ಹಿಡಿಯಿತು. ನಾನು ಪ್ರಾಥಮಿಕ ಶಾಲೆಯ ಮಾಸ್ತರ. ಎಲ್ಲವೂ ನನಗೆ ತಿಳಿದಿದೆ ಎಂಬ ಭಾವನೆ ಆಗ ಸ್ವಲ್ಪ ಹೆಚ್ಚಾಗಿಯೇ ಇತ್ತು. ಮೊಳೆ ಕಿತ್ತು, ರಟ್ಟು ತೆಗೆದು, ಚಿತ್ರದ ಮೂಲೆ ಹಿಡಿದು ಎಳೆದೆ. ಅರ್ಧ ಬಂದಿತು. ಮುಖದ ಬಲಭಾಗವೆಲ್ಲ ಗಾಜಿಗೆ ಅಂಟಿಕೊಂಡು ಅಲ್ಲಿಯೇ ಉಳಿಯಿತು.

ಛಾಯಾಚಿತ್ರದ ಮೇಲ್ಪದರ ಜಿಲೆಟಿನ್ ಎಂಬ ಅಂಟುಪದಾರ್ಥದ್ದೆಂದೂ, ಥಂಡಿಗೆ ಅದು ಮೆತ್ತಗಾಗಿ ಗಾಜಿಗೆ ಹತ್ತಿ, ಒಣಗಿದ ಮೇಲೆ ಸರೇಸಿನಂತೆ ಬಿಗಿಯುವುದೆಂದೂ ನಾನು ತಿಳಿದದ್ದು ಬಹಳ ತಡವಾಗಿ. ಅಂಟಿದ ಚಿತ್ರವನ್ನು ಎಳೆಯಲೇಬಾರದು. ಗಾಜಿನ ಸಮೇತ ಹಾಗೆಯೇ ಬಿಟ್ಟು, ಮೊದಲು ಗಾಜಿನ ಮೇಲಿನಿಂದಲೇ ಅದರ ಇನ್ನೊಂದು ಚಿತ್ರ ತೆಗೆದಿಟ್ಟುಕೊಳ್ಳಬೇಕು. ಆಮೇಲೆ ಬೇಕಾದರೆ ಬಲ್ಲವರಲ್ಲಿಗೆ ಒಯ್ಯಬೇಕು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇಂಟ್ಯಾಕ್ ಸಂಸ್ಥೆ ನಡೆಸಿದ ಸಂರಕ್ಷಣಾ ಕೇಂದ್ರದಂಥವು ಇಂಥ ಕೆಲಸಕ್ಕೆಂದೇ ಹುಟ್ಟಿದವು. ಗಾಜಿಗೂ ಚಿತ್ರಕ್ಕೂ ನಡುವೆ ನಾಲ್ಕೂ ಕಡೆ ದಪ್ಪ ಕಾಗದದ ಅಂಚು ಕೊಟ್ಟಿದ್ದರೆ ಈ ಪ್ರಸಂಗವೇ ಬರುತ್ತಿರಲಿಲ್ಲ. ಅಣ್ಣಿಗೇರಿಗೆ ಕೊಟ್ಟ ನನ್ನ ತಂಗಿ ಆ ವರ್ಷ ಪಂಚಮಿಗೆ ಬಂದವಳು ಗೋಡೆಯ ಬರಿಯ ಮೊಳೆಯನ್ನು ನೋಡಿ ಕೇಳಿದಳು. ಹೇಳಿದೆ. ಅವಳು ಒಂದು ಮಾತನ್ನೂ ಆಡಲಿಲ್ಲ. ಉಂಡಿ ತಿನ್ನದೆ ಎದ್ದುಹೋದಳು. ಗಾಜು, ಕಾಗದ ಎರಡನ್ನೂ ಧೋತರದ ತುಂಡಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟೆ. ಆಮೇಲೆ ಆ ಟ್ರಂಕಿನ ತಳಕ್ಕೆ ನಾನು ಕೈ ಹಾಕಿರಲಿಲ್ಲ.

ಆದರೂ ಬೆಸೆದ ಪ್ಲಾಸ್ಟಿಕ್ಕಿನ ಅನುಭವ ನನಗೆ ಕೊಂಚ ಇತ್ತು. ಮಲ್ಲಿಕಾರ್ಜುನ ಮನಸೂರರ ವಚನಗಾಯನದ ಕ್ಯಾಸೆಟ್ಟುಗಳನ್ನು ನಮ್ಮ ಮನೆಯಲ್ಲಿ ನಿತ್ಯ ಹಚ್ಚುತ್ತಿದ್ದೆವು. ತಿರುಪಿಲ್ಲದ ಕ್ಯಾಸೆಟ್ಟುಗಳ ಟೇಪು ಒಳಗೆ ಸಿಕ್ಕಿದರೆ ಅಂಚನ್ನು ಸೀಳಿ, ಟೇಪನ್ನು ತಿರುಪಿರುವ ಇನ್ನೊಂದು ಡಬ್ಬಿಗೆ ವರ್ಗಾಯಿಸುತ್ತಿದ್ದೆ. ಮಾಡದಿನ ಮೇಲಿದ್ದ ಒಂದು ಹಾಳು ಕ್ಯಾಸೆಟ್ಟನ್ನು ತೆಗೆದು ಮೊದಲು ಅದರ ಮೇಲೆ ಕೈ ಪಳಗಿಸಿಕೊಂಡೆ. ಬೆಸುಗೆಯಾದ ಪ್ಲಾಸ್ಟಿಕ್ಕು ಒತ್ತಿದರೆ ಎಲ್ಲೆಂದರಲ್ಲಿ ಸೀಳುತ್ತದೆ, ತಿರುವಿದರೆ ಬೆಸುಗೆಯ ಗುಂಟ ಬಿಚ್ಚಿಕೊಳ್ಳುತ್ತದೆ ಎಂಬುದು ಮತ್ತೆ ನೆನಪಾಯಿತು.

ಪಂಪ್‌ಸೆಟ್ಟಿನ ಮೋಟಾರು ಸುತ್ತುವ ಪಕ್ಕದ ಮನೆಯ ತಮ್ಮನಿಂದ ತಂತಿ ಕತ್ತರಿಸುವ ಕಟರ್ ತಂದೆ. “ಮಾಸ್ತರ್ರ, ಚೂರು ಸಿಡೀತಾವ, ಕಣ್ಣ ಜ್ವಾಕಿರಿ” ಎಂದು ಅವನೇ ತನ್ನ ಕನ್ನಡಕವನ್ನೂ ಕೊಟ್ಟ. ಮಳೆ ಬಿಟ್ಟ ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಬೆಳಕಿಗೆ ಕುಳಿತೆವು. ಹುಡುಗನನ್ನು ನಾಲ್ಕು ಮಾರು ದೂರ ಕೂಡ್ರಿಸಿದೆ. ಪ್ಲಾಸ್ಟಿಕ್ಕಿನ ಕೆಳಭಾಗವನ್ನು, ಅಂದರೆ ಕಾರ್ಡಿರುವ ಭಾಗವನ್ನು, ಟವೆಲಿನಲ್ಲಿ ಸುತ್ತಿ ಮೇಲಿನ ಚೀಟಿಯ ಭಾಗ ಮಾತ್ರ ಹೊರಗಿರುವಂತೆ ಹಿಡಿದುಕೊಂಡೆ. ಚೀಟಿಯ ಮನೆಗೂ ಕಾರ್ಡಿನ ಮನೆಗೂ ನಡುವೆ ಒಂದು ತಡೆಯಿದೆ; ಏನು ಕಚ್ಚುವುದಿದ್ದರೂ ತಡೆಯ ಮೇಲ್ಗಡೆಯೇ ಕಚ್ಚಬೇಕು. ಕಟರಿನಿಂದ ಮೇಲಿನ ಮೂಲೆಯನ್ನು ಸ್ವಲ್ಪ ಸ್ವಲ್ಪವಾಗಿ ಕಡಿದೆ. ಮೂರನೆಯ ಸಲಕ್ಕೆ ಟಕ್ಕೆಂದು ಸದ್ದಾಗಿ ಎರಡು ಹೋಳುಗಳ ನಡುವೆ ಕೂದಲೆಳೆಯಷ್ಟು ಸಂದು ಕಾಣಿಸಿತು. ಇನ್ನೊಂದು ಮೂಲೆಗೂ ಹಾಗೆಯೇ ಮಾಡಿದೆ.

ಚಪ್ಪಟೆ ಬಾಯಿಯ ಸ್ಕ್ರೂಡ್ರೈವರನ್ನು ಆ ಸಂದಿನ ತುದಿಗೆ ಮಾತ್ರ ಇಟ್ಟು, ಒಳಗೆ ನೂಕದೆ, ಬೀಗದ ಕೈ ತಿರುಗಿಸುವಂತೆ ಮೆಲ್ಲಗೆ ತಿರುಗಿಸಿದೆ. ಬಾಯಿ ಯಾವಾಗಲೂ ಹೊರಅಂಚಿನಲ್ಲೇ ಇರಬೇಕು. ಅರ್ಧ ಬೆರಳು ಜಾರಿದರೆ ಕಾರ್ಡಿನ ಹೊಟ್ಟೆಗೇ ಇಳಿಯುತ್ತದೆ. ಒಂದು ಕಡೆ ನಾಲ್ಕು ಬೆರಳಿನಷ್ಟು ಬಿಚ್ಚಿದ ಮೇಲೆ ಆ ಕಡೆ ಬಿಟ್ಟು ಎದುರು ಕಡೆಗೆ ಹೋಗುವುದು, ಮತ್ತೆ ಮರಳುವುದು. ಕಾಯಿಸಿದರೆ ಬೇಗ ಬರುತ್ತದೆಂದು ಸೊಸೆ ಯಾರದೋ ಮಾತು ಕೇಳಿದ್ದಳು. ಬೇಡವೆಂದೆ, ಬಿಸಿಗೆ ಕಾರ್ಡು ಸೊಟ್ಟಗಾಗುತ್ತದೆ. ಥಿನ್ನರು, ಪೆಟ್ರೋಲು ಬಣ್ಣವನ್ನೇ ತಿನ್ನುತ್ತವೆ. ಸುತ್ತಿಗೆಯ ಮಾತಂತೂ ಬೇಡವೇ ಬೇಡ.

ಮುಕ್ಕಾಲು ಭಾಗ ಬಿಚ್ಚಿದಾಗ ನನ್ನ ಕೈ ನಿಂತಿತು. ಎರಡು ಹೋಳುಗಳನ್ನು ಹಿಡಿದು ಎಳೆದುಬಿಡಬೇಕೆಂಬ ಅದೇ ಹಳೆಯ ಆತುರ ಬೆರಳಿಗೆ ಬಂದಿತ್ತು. ಕೆಳಗಿಟ್ಟೆ. ನೀರು ಕುಡಿದೆ. ಹುಡುಗ ಉಸಿರು ಬಿಗಿಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದ. “ಯಾಕಜ್ಜಾ?” ಎಂದ. ಏನಿಲ್ಲ ಎಂದೆ.

ಮತ್ತೆ ಕುಳಿತು ಉಳಿದ ಬೆಸುಗೆಯನ್ನೂ ಬಿಚ್ಚಿದೆ. ಮೇಲಿನ ಹೋಳು ತಾನಾಗಿಯೇ ಎದ್ದಿತು. ಕಾರ್ಡಿಗೆ ಯಾವ ಅಂಟನ್ನೂ ಹಾಕಿರುವುದಿಲ್ಲ. ತನ್ನ ಅಳತೆಯ ಕುಳಿಯಲ್ಲಿ ಅದು ಸುಮ್ಮನೆ ಮಲಗಿರುತ್ತದೆ. ಉಗುರು ಹಾಕಿ ಎಬ್ಬಿಸದೆ, ಕೆಳಹೋಳನ್ನು ಮೆತ್ತನೆಯ ಬಟ್ಟೆಯ ಮೇಲೆ ಬೋರಲು ಹಾಕಿದೆವು. ಜಾರಿ ಬಿದ್ದಿತು, ಒಂದು ಗೀರೂ ಇಲ್ಲದೆ. ಹುಡುಗ ಕೈ ತೊಳೆದು ಒರೆಸಿಕೊಂಡು, ಅಂಚಿನಲ್ಲಿ ಹಿಡಿದೆತ್ತಿ, ತೆಳುವಾದ ಕವಚದಲ್ಲಿ ಹಾಕಿ, ತನ್ನ ಆಲ್ಬಮ್ಮಿನ ಖಾಲಿ ಕಿಸೆಗೆ ಸೇರಿಸಿದ. ಅಂಕದ ಚೀಟಿಯನ್ನು ಒಂದು ಲಕೋಟೆಯಲ್ಲಿ ಇಟ್ಟೆವು. ಒಡೆದವರು ಅದನ್ನು ಸಂಸ್ಥೆಗೆ ಮರಳಿಸಿದರೆ ತಮ್ಮ ಲೆಕ್ಕದಿಂದ ಆ ಕಾರ್ಡನ್ನು ತೆಗೆಯುತ್ತಾರೆ. ಪಡಸಾಲೆಯಲ್ಲಿ ಸಿಡಿದ ಚೂರುಗಳನ್ನು ನಮ್ಮ ಮನೆಯವರು ಎರಡು ಸಲ ಕಸಬರಿಗೆಯಿಂದ ಗುಡಿಸಿದರೂ ಮರುದಿನ ಒಂದು ನನ್ನ ಹಿಮ್ಮಡಿಗೇ ಸಿಕ್ಕಿತು.

ರಾತ್ರಿ ಊಟವಾದ ಮೇಲೆ ಹುಡುಗ ಬಿಡಲಿಲ್ಲ. ಯಾಕೆ ನಿಂತೆ ಎಂದು ಕೇಳಿಯೇ ಕೇಳಿದ. ಟ್ರಂಕು ತೆಗೆದು ತೋರಿಸಿದೆ. ಅವನು ಗಾಜನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಕಾಗದವನ್ನು ಗಾಜಿನ ಹಿಂದೆ, ಅದು ಮೊದಲಿದ್ದ ಜಾಗದಲ್ಲಿಯೇ, ಮೆಲ್ಲಗೆ ಸರಿಸುತ್ತ ಹೋದ. ಸೀಳಿನ ಅಂಚು ಅಂಚಿಗೆ ಕೂಡಿತು. ಅವ್ವ ಕಂಡಳು. ನಡುವೆ ಹಳ್ಳದ ಹರಿವಿನಂತೆ ಒಂದು ಬಿಳಿಯ ಗೆರೆ, ಗದ್ದದ ಹತ್ತಿರ ಬೂಸಿನ ಕಲೆ, ಅಷ್ಟೆ. ಸೊಸೆ ಬೆಳಕನ್ನು ಪಕ್ಕಕ್ಕೆ ಸರಿಸಿ, ಗಾಜು ಹೊಳೆಯದಂತೆ ನೋಡಿಕೊಂಡು ಮೊಬೈಲಿನಲ್ಲಿ ಚಿತ್ರ ತೆಗೆದಳು. ಇಷ್ಟು ವರ್ಷ ಇದು ನನಗೇಕೆ ಹೊಳೆಯಲಿಲ್ಲವೋ ತಿಳಿಯದು. ಬಹುಶಃ ಆ ಗಂಟನ್ನು ಬಿಚ್ಚುವ ಧೈರ್ಯವೇ ಇರಲಿಲ್ಲ.

ಅಣ್ಣಿಗೇರಿಗೆ ಚಿತ್ರ ಕಳಿಸಿದೆವು. ಬೆಳಗಿನ ಜಾವ, ನಾನಿನ್ನೂ ಸ್ನಾನಕ್ಕೆ ಹೋಗುವ ಮೊದಲೇ, ತಂಗಿಯ ಫೋನು ಬಂದಿತು. ಸ್ವಲ್ಪ ಹೊತ್ತು ಅತ್ತಕಡೆಯಿಂದ ಮಾತೇ ಇಲ್ಲ. ಆಮೇಲೆ ಅಂದಳು:

“ಅವ್ವನ ಕಿವ್ಯಾಗ ಬುಗುಡಿ ಇದ್ದೂ ಅನ್ನೂದನ್ನ ನಾ ಮರತೇ ಬಿಟ್ಟಿದ್ದೆ ನೋಡಣ್ಣಾ.”