ಬಚ್ಚಲೊಲೆಯ ಮುಂದೆ ಐವರು

ಹಿಂದಿನವರಿಗೆ ಬೆಳಗ್ಗೆ ಎದ್ದ ಕೂಡಲೇ ಹೆಸರು ಹೇಳುವುದೇ ಒಂದು ಕೆಲಸ. ಅಂಗೈ ನೋಡಿಕೊಂಡು ಲಕ್ಷ್ಮಿ, ಸರಸ್ವತಿ. ನೆಲಕ್ಕೆ ಕಾಲಿಡುವ ಮೊದಲು ಭೂದೇವಿ. ಮೈಮೇಲೆ ನೀರು ಸುರಿದುಕೊಳ್ಳುವಾಗ ಗಂಗೆ, ಯಮುನೆ, ಕಾವೇರಿ. ಅಶ್ವತ್ಥಾಮನಿಂದ ಪರಶುರಾಮನವರೆಗೆ ಏಳು ಮಂದಿ ಚಿರಂಜೀವಿಗಳು. ಈ ದೊಡ್ಡ ಮೆರವಣಿಗೆಯ ನಡುವೆ ಐವರು ಹೆಂಗಸರೂ ಬಂದು ಹೋಗುತ್ತಿದ್ದರು: ಅಹಲ್ಯೆ, ದ್ರೌಪದಿ, ಸೀತೆ, ತಾರೆ, ಮಂಡೋದರಿ. ಇವರು ಪಂಚಕನ್ಯೆಯರು. ದಿನವೂ ಇವರನ್ನು ನೆನೆದರೆ ಎಂಥ ಪಾಪವೂ ಕಳೆಯುತ್ತದೆ ಎಂಬುದು ಆ ಎರಡೇ ಸಾಲಿನ ಶ್ಲೋಕ ಕೊಡುವ ಭರವಸೆ.

ನಮ್ಮಜ್ಜಿ ಅದನ್ನು ದೇವರ ಮನೆಯಲ್ಲಿ ಹೇಳುತ್ತಿರಲಿಲ್ಲ. ಬಚ್ಚಲಲ್ಲಿ ಹಂಡೆಯ ಒಲೆ ಹೊತ್ತಿಸುತ್ತಾ ಹೇಳುತ್ತಿದ್ದಳು. ಮಳೆಗಾಲದ ಹಸಿ ಸೌದೆ, ಒಂದಿಷ್ಟು ತೆಂಗಿನ ಗರಿ, ಕೈಯಲ್ಲಿ ಊದುಗೊಳವೆ. ಒಂದು ಹೆಸರು, ಒಂದು ಊದು. ಹೊಗೆ ಕಣ್ಣಿಗೆ ಹೊಕ್ಕರೆ ಸೆರಗಿನಲ್ಲಿ ಒರೆಸಿಕೊಂಡು ಇನ್ನೊಂದು ಹೆಸರು. ಕೊನೆಯವಳು ಮಂಡೋದರಿ. ಅವಳು ಬರುವ ಹೊತ್ತಿಗೆ ಸಾಮಾನ್ಯವಾಗಿ ಬೆಂಕಿ ಹತ್ತಿಕೊಳ್ಳುತ್ತಿತ್ತು. ಹತ್ತದಿದ್ದರೆ ಮತ್ತೆ ಅಹಲ್ಯೆಯಿಂದ ಶುರು. ಸೌದೆ ಒದ್ದೆಯಾದ ದಿನ ನಮ್ಮ ಮನೆಗೆ ಪುಣ್ಯ ಜಾಸ್ತಿ ಎಂದು ಚಿಕ್ಕಪ್ಪ ನಗೆಯಾಡುತ್ತಿದ್ದ.

ತಲೆಗೆ ಎಣ್ಣೆ ಹಚ್ಚಿಸಿಕೊಂಡು, ನೀರು ಕಾಯಲೆಂದು ಕುಕ್ಕರಗಾಲಲ್ಲಿ ಕೂತ ಮಕ್ಕಳಿಗೆ ಬೇರೇನು ಕೆಲಸ? ಪ್ರಶ್ನೆ ಕೇಳುವುದು.

‘ಮಂಡೋದರಿ ರಾವಣನ ಹೆಂಡತಿ ಅಲ್ವಾ ಅಜ್ಜಿ? ಅವಳ ಹೆಸರು ಯಾಕೆ ಹೇಳ್ಬೇಕು?’

‘ಹೆಂಡತಿ ಆದ್ರೆ ಏನಾಯ್ತೋ? ಆ ಹೆಣ್ಣನ್ನ ಬಿಟ್ಟು ಕಳಿಸಿಬಿಡಿ ಅಂತ ಅವಳು ಬಡ್ಕೊಂಡ್ಲು. ಅವನು ಕೇಳಲಿಲ್ಲ.’

ತಾರೆಯ ಕಥೆಯೂ ಅಷ್ಟೆ. ಏಟು ತಿಂದು ಓಡಿಹೋದ ಸುಗ್ರೀವ ಅಷ್ಟು ಬೇಗ ತಿರುಗಿ ಬಂದು ಗರ್ಜಿಸುತ್ತಿದ್ದಾನೆಂದರೆ ಅವನ ಬೆನ್ನಿಗೆ ಯಾರೋ ಇದ್ದಾರೆ, ಹೋಗಬೇಡ ಎಂದು ವಾಲಿಯನ್ನು ತಡೆದವಳು ಅವಳು. ವಾಲಿ ಹೋದ, ಸತ್ತ. ಮಳೆಗಾಲ ಮುಗಿದರೂ ಸುಗ್ರೀವ ಕೊಟ್ಟ ಮಾತು ಮರೆತು ಕೂತಾಗ, ಕೆಂಡವಾಗಿ ಬಂದ ಲಕ್ಷ್ಮಣನ ಎದುರು ನಿಂತು ಸಮಾಧಾನ ಹೇಳಿದವಳೂ ಅವಳೇ. ಹಂಪಿಯಿಂದ ತುಂಗಭದ್ರೆ ದಾಟಿ ಆನೆಗೊಂದಿಗೆ ಹೋದರೆ ಕಿಷ್ಕಿಂಧೆ ಇದೇ ಎನ್ನುತ್ತಾರೆ. ವಾಲಿಯ ಭಂಡಾರವನ್ನೂ ಆಂಜನೇಯ ಹುಟ್ಟಿದ ಬೆಟ್ಟವನ್ನೂ ತೋರಿಸುತ್ತಾರೆ. ನಾನು ಹೋದಾಗ ಆ ಬಂಡೆಗಳ ನಡುವೆ ಹುಡುಕಿದ್ದು ತಾರೆಯನ್ನು. ಗಂಡನ ಹೆಣದ ಮುಂದೆ ಅತ್ತು, ರಾಜ್ಯವನ್ನೂ ಮಗ ಅಂಗದನನ್ನೂ ಉಳಿಸಿಕೊಂಡ ಹೆಂಗಸು ಈ ಊರಿನವಳಲ್ಲವೇ ಎಂಬ ಅಭಿಮಾನಕ್ಕೆ.

ಅಹಲ್ಯೆ ನಮ್ಮಜ್ಜಿಗೆ ಕಲ್ಲೇ. ರಾಮನ ಪಾದದ ಧೂಳಿ ತಾಗಿ ಎದ್ದವಳು. ದೊಡ್ಡವನಾದ ಮೇಲೆ ವಾಲ್ಮೀಕಿಯನ್ನು ಓದಿದರೆ ಅಲ್ಲಿ ಕಲ್ಲಿಲ್ಲ. ಯಾರ ಕಣ್ಣಿಗೂ ಕಾಣದೆ, ಗಾಳಿಯನ್ನೇ ಉಂಡು, ಬೂದಿಯಲ್ಲಿ ಮಲಗಿ ಕಾಲ ಕಳೆದ ತಪಸ್ವಿನಿ ಇದ್ದಾಳೆ. ಶಾಪ ತೀರಿ ಅವಳು ಕಾಣಿಸಿಕೊಂಡಾಗ ರಾಮಲಕ್ಷ್ಮಣರೇ ಅವಳ ಕಾಲಿಗೆ ಬೀಳುತ್ತಾರೆ. ಇದನ್ನು ಅಜ್ಜಿಗೆ ಹೇಳಬೇಕು ಅನ್ನಿಸಿತು. ಆಗ ಅವಳಿರಲಿಲ್ಲ.

ದ್ರೌಪದಿ ಸಭೆಯಲ್ಲಿ ಎತ್ತಿದ ಪ್ರಶ್ನೆಯನ್ನು ಅಜ್ಜಿ ಸೊಸೆಯರ ಮುಂದೆ ಎರಡೆರಡು ಸಲ ಹೇಳುತ್ತಿದ್ದಳು. ಧರ್ಮರಾಯ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ಧರ್ಮ ಸೂಕ್ಷ್ಮ ಎಂದು ಭೀಷ್ಮ ಜಾರಿಕೊಂಡದ್ದನ್ನು ಹೇಳುವಾಗ ಅಜ್ಜನ ಕೋಣೆಯ ಕಡೆ ಒಂದು ನೋಟ. ಚೈತ್ರದ ಹುಣ್ಣಿಮೆಗೆ ಬೆಂಗಳೂರಿನ ಅತ್ತೆಯ ಮನೆಗೆ ಹೋದಾಗ ಅದೇ ದ್ರೌಪದಿ ಧರ್ಮರಾಯಸ್ವಾಮಿ ಗುಡಿಯಿಂದ ಕರಗವಾಗಿ ಹೊರಟಿದ್ದಳು. ಬಳೆ ತೊಟ್ಟು, ಮಲ್ಲಿಗೆ ಹೊತ್ತ ತಿಗಳ ಸಮುದಾಯದ ಪೂಜಾರಿ. ಸುತ್ತ ಕತ್ತಿ ಹಿಡಿದ ವೀರಕುಮಾರರು. ನಮ್ಮ ಬಚ್ಚಲಿನ ದ್ರೌಪದಿಗೆ ಇಷ್ಟು ದೊಡ್ಡ ಪರಿವಾರ ಇದೆ ಎಂದು ನನಗೆ ಗೊತ್ತಾದದ್ದು ಆ ರಾತ್ರಿ.

ಸೀತೆಯ ವಿಷಯದಲ್ಲಿ ಮಾತ್ರ ತಕರಾರು. ಅಮ್ಮನ ತವರಿನಲ್ಲಿ ಐವರಲ್ಲಿ ಸೀತೆ ಇಲ್ಲ, ಕುಂತಿ. ಈ ಪಾಠವೂ ಉಂಟು, ಆ ಪಾಠವೂ ಉಂಟು. ಆದರೆ ಬೀಗಿತ್ತಿಯರಿಬ್ಬರೂ ಹಬ್ಬಕ್ಕೆ ಒಂದೇ ಮನೆಯಲ್ಲಿ ಸೇರಿದರೆ ಬೆಳಗಿನ ಜಾವ ಬಚ್ಚಲಲ್ಲಿ ಸೀತೆಯದು ಒಂದು ದನಿ, ಹಿತ್ತಿಲಲ್ಲಿ ಕುಂತಿಯದು ಅದಕ್ಕಿಂತ ಜೋರು ದನಿ.

ನನಗೆ ಈಗ ವಿಚಿತ್ರವೆನಿಸುವುದು ಬೇರೆ. ಮದುವೆಯಲ್ಲಿ ಬೆರಳು ಮಾಡಿ ತೋರಿಸುವ ಅರುಂಧತಿ ಈ ಐವರಲ್ಲಿಲ್ಲ. ಸಾವಿತ್ರಿ ಇಲ್ಲ, ಅನಸೂಯೆ ಇಲ್ಲ. ಇರುವವರೆಲ್ಲ ಜನರ ಬಾಯಿಗೆ ಬಿದ್ದವರು. ಒಬ್ಬಳಿಗೆ ಐವರು ಗಂಡಂದಿರು, ಒಬ್ಬಳು ಮೈದುನನ ಕೈಹಿಡಿದವಳು, ಒಬ್ಬಳು ಇಂದ್ರನ ದೆಸೆಯಿಂದ ಶಾಪ ಹೊತ್ತವಳು, ಇನ್ನೊಬ್ಬಳು ಬೆಂಕಿ ಹಾಯ್ದರೂ ಅನುಮಾನ ತಪ್ಪಿಸಿಕೊಳ್ಳಲಾರದವಳು. ಮಡಿಸೀರೆ ಗಳುವಿನ ಮೇಲೆ ಯಾರ ನೆರಳೂ ಸೋಕದಂತೆ ಒಣಗಬೇಕೆನ್ನುವ ನಮ್ಮಜ್ಜಿ ದಿನದ ಮೊದಲ ಮಾತನ್ನು ಇಂಥವರಿಗೆ ಮೀಸಲಿಟ್ಟಿದ್ದಳು. ಅವಳೇನೂ ಸುಧಾರಕಿಯಲ್ಲ. ಅಜ್ಜ ಹೋದ ಮೇಲೆ ಅರಿಶಿನ ಕುಂಕುಮದ ತಟ್ಟೆ ಕಂಡರೆ ತಾನೇ ಒಳಗೆ ಸರಿದುಬಿಡುತ್ತಿದ್ದಳು.

ಆದರೂ ಒಂದು ಮಧ್ಯಾಹ್ನ ನೆನಪಿದೆ. ಬೀದಿಯ ಕೊನೆಯ ಮನೆಯ ಹುಡುಗಿ ಗಂಡನನ್ನು ಬಿಟ್ಟು ಟ್ರಂಕಿನ ಸಮೇತ ತವರಿಗೆ ಬಂದಿದ್ದಳು. ನಮ್ಮ ಜಗಲಿಯಲ್ಲಿ ಹಪ್ಪಳ ಒತ್ತುವ ಹೆಂಗಸರಿಗೆ ಹಿಟ್ಟಿಗಿಂತ ಹೆಚ್ಚಾಗಿ ಆ ಸುದ್ದಿ ಕೈಗೆ ಸಿಕ್ಕಿತ್ತು. ಯಾರೋ ದನಿ ತಗ್ಗಿಸಿ ಅವಳ ನಡತೆಯ ಮಾತೆತ್ತಿದರು. ಅಜ್ಜಿ ಲಟ್ಟಣಿಗೆ ಕೆಳಗಿಟ್ಟಳು.

‘ಬೆಳಗ್ಗೆ ಎದ್ದು ಯಾರ್ಯಾರ ಹೆಸರು ಹೇಳಿದ್ರಿ? ಮಧ್ಯಾಹ್ನಕ್ಕೇ ಮರೆತುಹೋಯ್ತಾ?’

ಮತ್ತೆ ಯಾರೂ ಮಾತಾಡಲಿಲ್ಲ. ಸಂಜೆ ಆ ಮನೆಗೆ ಒಂದು ಡಬ್ಬಿ ಹಪ್ಪಳ ಕೊಟ್ಟುಬರಲು ನನ್ನನ್ನು ಅಟ್ಟಿದಳು. ಆ ಐವರು ಅವಳ ಪಾಪ ಕಳೆದರೋ ಏನೋ, ನಾನರಿಯೆ. ಹೊಸದೊಂದನ್ನು ಕಟ್ಟಿಕೊಳ್ಳದಂತೆ ಅವತ್ತು ಜಗಲಿಯ ಹೆಂಗಸರನ್ನಂತೂ ತಡೆದರು.

ಅಜ್ಜಿ ಹೋದ ಮೇಲೆ ಹಂಡೆಯನ್ನು ತೂಕಕ್ಕೆ ಹಾಕಿದರು. ಬಚ್ಚಲಿಗೆ ಟೈಲ್ಸ್ ಬಂತು, ಮಾಳಿಗೆಗೆ ಸೋಲಾರ್ ಬಂತು. ನೀರು ಕಾಯುವುದಕ್ಕೆ ಯಾರೂ ಕಾಯಬೇಕಿಲ್ಲ, ಹೀಗಾಗಿ ಕೇಳುವ ಮಕ್ಕಳೂ ಇಲ್ಲ. ಶ್ಲೋಕಕ್ಕೇನೂ ಆಪತ್ತು ಬಂದಿಲ್ಲ. ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ದಿನಾ ಆರು ಗಂಟೆಗೆ ಗುಲಾಬಿ ಹೂವಿನ ಚಿತ್ರದ ಮೇಲೆ ತಪ್ಪಿಲ್ಲದ ಅಕ್ಷರಗಳಲ್ಲಿ ಬಂದು ಬೀಳುತ್ತದೆ. ಹನ್ನೊಂದರ ಸುಮಾರಿಗೆ ಅದೇ ಗುಂಪಿನಲ್ಲಿ ಯಾರದೋ ಮಗಳು, ಯಾರದೋ ಸೊಸೆ ವಿಚಾರಣೆಗೆ ಬರುತ್ತಾಳೆ. ಅಜ್ಜಿಯಾಗಿದ್ದರೆ ಎರಡನ್ನೂ ಒಟ್ಟಿಗೆ ಓದುತ್ತಿದ್ದಳು. ನಾವು ಎರಡಕ್ಕೂ ಬೇರೆ ಬೇರೆಯಾಗಿ ಕೈಮುಗಿದ ಚಿತ್ರ ಹಾಕುತ್ತೇವೆ.